ಮೊದಲು ಮಾತ್ರೆ ಡಬ್ಬಿ ಕೇಳಿದ ಡಾಕ್ಟರಿಗೆ, ಇನ್ನೂ ಕೆಲವರಿಗೆ

ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಯಿಂದ ನನ್ನ ಮೊಣಕೈ, ತಲೆಯಲ್ಲಿ ಈಗ ಒಂದೆರಡು ಕಲೆ ಉಳಿದಿವೆ, ಅಷ್ಟೇ. ಬೆನ್ನು, ಕಾಲು ಎಲ್ಲ ತಿಳಿಯಾಗಿವೆ. ಸೋರಿಯಾಸಿಸ್ ಹತೋಟಿಗೆ ಬರುತ್ತದೆಯೇ ಹೊರತು ಬೇರುಸಮೇತ ಹೋಗುವುದಿಲ್ಲ, ಹಾಗಾಗಿ ವಾಸಿಯಾಯಿತು ಎಂದು ಡಂಗುರ ಸಾರುವಂತಿಲ್ಲ. ಆದರೂ ಈ ಹೊತ್ತಿನಲ್ಲಿ ಕೆಲವರಿಗೆ ವಂದನೆ ಹೇಳದೆ ಇರಲಾರೆ.

ರಿಟೈರಾದ ಮೇಲೆ ಇದೆಲ್ಲ ಹೊಸದಾಗಿ ಬರುತ್ತದಾ ಎಂದು ಬಂದವರೆಲ್ಲ ಕೇಳುತ್ತಿದ್ದರು. ಬರುತ್ತದೆ. ಹರೆಯದಲ್ಲಿ ಒಂದು ಸಲ, 50–60ರ ಆಸುಪಾಸಿನಲ್ಲಿ ಇನ್ನೊಂದು ಸಲ ಹೆಚ್ಚಾಗಿ ತಲೆ ಎತ್ತುವ ಕಾಯಿಲೆ ಇದು. ತಿಂಗಳು ಹಿಡಿಯಬೇಕಾದ ಚರ್ಮದ ಹುಟ್ಟು ನಾಲ್ಕೈದು ದಿನದಲ್ಲೇ ನಡೆದು ಹೊಟ್ಟಾಗಿ ಉದುರುತ್ತದೆ. ನಂಜು ಅಂತ ನೆಂಟರು ಬದನೆಕಾಯಿ ಬಿಡಿಸಿದರು. ಒಂದು ಇಂಜೆಕ್ಷನ್ನಿಗೆ ವಾರದಲ್ಲಿ ಮಾಯ ಎಂದವರೂ ಇದ್ದರು. ಅಂಥ ಸ್ಟೀರಾಯ್ಡ್ ಇಂಜೆಕ್ಷನ್ ನಿಲ್ಲಿಸಿದ ಕೂಡಲೇ ರೋಗ ದುಪ್ಪಟ್ಟಾಗಿ ಕೆರಳಬಹುದಂತೆ.

ಇದನ್ನು ಹೇಳಿದವರು ಮೈಸೂರಿನ ನಮ್ಮ ಚರ್ಮದ ಡಾಕ್ಟರಮ್ಮ. ಮೊದಲ ದಿನ ಅವರು ಅಂಗಿ ತೆಗೆಸುವ ಮುಂಚೆ "ಬೇರೆ ಏನೇನು ಮಾತ್ರೆ ತಗೋತೀರಿ? ಡಬ್ಬೀನೇ ತೋರಿಸಿ" ಎಂದರು. ಅದರಲ್ಲಿ ಬಿ.ಪಿ.ಗೆ ಕೊಟ್ಟ ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆ ಇತ್ತು. ಕೆಲವರಲ್ಲಿ ಅದು ಸೋರಿಯಾಸಿಸ್ ಹೆಚ್ಚಿಸುತ್ತದೆ. ನೀವಾಗೇ ಬಿಡಬೇಡಿ, ಹೃದಯಕ್ಕೆ ಅಪಾಯ ಎಂದು ಹೇಳಿ ಹೃದಯದ ಡಾಕ್ಟರಿಗೆ ತಾವೇ ಚೀಟಿ ಬರೆದುಕೊಟ್ಟರು. ಹೃದಯದ ಡಾಕ್ಟರು ಮಾತ್ರೆ ಬದಲಿಸಿದರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನನಗೆ ಈ ಕ್ರಮ ಬಹಳ ಹಿಡಿಸಿತು.

ವಯಸ್ಸಾದವರ ಚರ್ಮ ತೆಳು, ಜೋರಾದ ಸ್ಟೀರಾಯ್ಡ್ ಮುಲಾಮು ಹೆಚ್ಚು ದಿನ ಹಚ್ಚಿದರೆ ಇನ್ನೂ ತೆಳುವಾಗುತ್ತದೆ. ಅದಕ್ಕೇ ಅವರು ಮೊದಲು ಬೆಳಕಿನ ಚಿಕಿತ್ಸೆ ಹೇಳಿದ್ದು. ಆದರೆ ವಾರಕ್ಕೆ ಎರಡು ಮೂರು ಸಲ ಮಂಡ್ಯದಿಂದ ರೈಲು ಹತ್ತಬೇಕು, ಮೈಗೆ ಬೆಳಕು ಬಿಡುವ ಪೆಟ್ಟಿಗೆಯೊಳಗೆ ನಿಲ್ಲಬೇಕು. ನನ್ನ ಮಂಡಿಗೆ ಆಗದು. ಕಿಡ್ನಿ, ಲಿವರ್, ರಕ್ತದ ಪರೀಕ್ಷೆ ಮಾಡಿಸಿ, ಚರ್ಮದ ಈ ಅತಿವೇಗದ ಹುಟ್ಟನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು. ವಾರಕ್ಕೆ ಒಂದೇ ದಿನ. ಬೇರೆ ದಿನ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ.

ಇಲ್ಲಿ ನನ್ನ ಹಳೇ ವಿದ್ಯಾರ್ಥಿ, ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನು, ಬರುತ್ತಾನೆ. ಕ್ಲಾಸಿನಲ್ಲಿ ಲೆಕ್ಕ ಬಾರದೆ ಒದ್ದಾಡುತ್ತಿದ್ದವನು ಸ್ಟ್ರಿಪ್ಪಿನ ಮೇಲೆ ದಪ್ಪ ಪೆನ್ನಿನಲ್ಲಿ "ಭಾನುವಾರ ಮಾತ್ರ" ಎಂದು ಬರೆದ. "ಇದು ದಿನಾ ನುಂಗೋ ಮಾತ್ರೆ ಅಲ್ಲ ಮೇಷ್ಟ್ರೇ, ದಿನಾ ನುಂಗುದ್ರೆ ಜೀವಕ್ಕೇ ಬತ್ತದೆ" ಎಂದ. ತಿಂಗಳಿಗಾಗುವಷ್ಟಕ್ಕಿಂತ ಒಂದು ಮಾತ್ರೆಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ಮುಂದೊಮ್ಮೆ ಉರಿಮೂತ್ರಕ್ಕೆ ಬೇರೊಂದು ಕಡೆ ಬರೆಸಿಕೊಂಡ ಚೀಟಿಯಲ್ಲಿ ಟ್ರೈಮೆಥೋಪ್ರಿಮ್ ಎಂಬ ಆಂಟಿಬಯೋಟಿಕ್ ಇರುವ ಮಾತ್ರೆ ಇತ್ತು. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣ ಹುಟ್ಟುವುದೇ ಕುಸಿಯಬಹುದು. ಅವನು ಕೊಡಲಿಲ್ಲ. ನನ್ನೆದುರಿಗೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಬೇರೆ ಮಾತ್ರೆ ಬರೆಸಿದ. ನನ್ನ ಪ್ರಾಣ ಅವನ ಆ ಒಂದು ಫೋನಿನಲ್ಲಿತ್ತು ಎಂದರೆ ಉತ್ಪ್ರೇಕ್ಷೆ ಅನಿಸುವುದಿಲ್ಲ ನನಗೆ.

ಸರ್ ಎಂ.ವಿ. ಕ್ರೀಡಾಂಗಣದಲ್ಲಿ ವಾಕಿಂಗ್ ಬರುವ ಗೆಳೆಯರು ಪಕ್ಕದಲ್ಲಿ ಕೂರುವುದನ್ನು ಬಿಡಲಿಲ್ಲ. ಸಲೂನಿನ ತಮ್ಮಯ್ಯನಂತೂ ಗಿರಾಕಿಯೊಬ್ಬರು ಮುಖ ಸಿಂಡರಿಸಿದಾಗ "ಅಂಟೋ ಕಾಯ್ಲೆ ಅಲ್ಲ ಸಾ, ಬೇಕಾದ್ರೆ ಕೂತ್ಕಳಿ, ಇಲ್ಲಾಂದ್ರೆ ನಾಳೆ ಬನ್ನಿ" ಎಂದುಬಿಟ್ಟ.

ಸ್ನಾನವಾದ ತಕ್ಷಣ, ಮೈ ಇನ್ನೂ ಹಸಿಯಿರುವಾಗಲೇ ನನ್ನ ಕೈಗೆ ಎಟುಕದ ಬೆನ್ನಿಗೆ ದಿನಾ ವ್ಯಾಸಲೀನ್ ಹಚ್ಚಿದವಳು ನನ್ನ ಹೆಂಡತಿ. ಹಾಸಿಗೆಯ ಹೊಟ್ಟು ಕೊಡವಿದವಳೂ ಅವಳೇ. ಇದನ್ನು ಬರೆಯುತ್ತೇನೆ ಎಂದಾಗ "ರೀ, ನನ್ನ ಹೆಸರು ಹಾಕಬೇಡಿ" ಎಂದಳು, ಹಾಕಿಲ್ಲ.

ನನ್ನ ಚೀಟಿಯ ಫೋಟೊ ಕಳಿಸಿ ಎಂದು ಕೇಳುತ್ತಿರುವವರು ಬೇಜಾರಾಗಬೇಡಿ, ಕಳಿಸುವುದಿಲ್ಲ. ನಿಮ್ಮ ಕಿಡ್ನಿ ಬೇರೆ, ನಿಮ್ಮ ಬಿ.ಪಿ. ಮಾತ್ರೆ ಬೇರೆ. ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.