ಬೈಪಾಸ್ ವಾಲ್ವ್ ತೋರಿಸಿಕೊಟ್ಟವರಿಗೆ

ಪೈಪಿನಲ್ಲಿ ನೀರು ಹೆಪ್ಪುಗಟ್ಟದಂತೆ ಸಿದ್ಧಪಡಿಸಿ, ಚಳಿಗಾಲಕ್ಕೆ ಕ್ಯಾಂಪರ್ ವ್ಯಾನ್ (ಒಳಗೇ ವಾಸಿಸಬಹುದಾದ ಪ್ರವಾಸದ ವ್ಯಾನ್) ನಿಲ್ಲಿಸುವ ಹೊತ್ತಿನಲ್ಲಿ ಟಾರ್ಚ್ ಹಿಡಿದು ನೀರು ಕಾಯಿಸುವ ಹೀಟರ್‌ನ ಹಿಂದಿದ್ದ, ಹರಿವನ್ನು ಹೀಟರ್ ಒಳಗೆ ಬಿಡದೆ ನೇರ ನಲ್ಲಿಗೆ ಕಳಿಸುವ ಬೈಪಾಸ್ ವಾಲ್ವ್ ತೋರಿಸಿ, ಹೆಸರೂ ಹೇಳದೆ ಹೊರಟ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದಗಳು.

ಆ ವಾಲ್ವ್ ತಿರುಗಿಸದಿದ್ದರೆ ಪಂಪ್ ಎಳೆದ ಗುಲಾಬಿ ಆಂಟಿಫ್ರೀಜ್ (ಪೈಪುಗಳಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಮೊದಲು 23 ಲೀಟರ್ ಹೀಟರನ್ನೇ ತುಂಬುತ್ತದೆ, ಅದು ತುಂಬುವವರೆಗೆ ಬಿಸಿನೀರಿನ ನಲ್ಲಿಗೆ ಬರುವುದೇ ಇಲ್ಲ. ತಿರುಗಿಸಿದರೆ ಸಾಮಾನ್ಯವಾಗಿ 8ರಿಂದ 11 ಲೀಟರ್ ಸಾಕು. ಹೀಟರ್ ಆರಿಸಿ, ಪೂರ್ತಿ ತಣ್ಣಗಾಗಿಸಿ, ಒತ್ತಡ ಇಳಿಸಿದ ಮೇಲಷ್ಟೇ ನೀರು ಖಾಲಿ ಮಾಡುವ ಡ್ರೇನ್ ಪ್ಲಗ್ ಬಿಚ್ಚಬೇಕೆಂದು ಮತ್ತೆ ಮತ್ತೆ ಎಚ್ಚರಿಸಿದಿರಿ. ಮೈಕೈ ಸುಡದಂತೆ ಕಾಯುವ ಮಾತದು.

ಫಿಲ್ಟರ್ ಕಾರ್ಟ್ರಿಡ್ಜ್ ತೆಗೆದಿಡಬೇಕು. ಪ್ರತಿ ನಲ್ಲಿಯಲ್ಲೂ ಮೊದಲು ನೀರು, ಆಮೇಲೆ ತಿಳಿ ಗುಲಾಬಿ ನೊರೆ. ಬಣ್ಣ ಗಾಢವಾಗುವವರೆಗೆ ಬಿಡಬೇಕು. ತಣ್ಣೀರು, ಬಿಸಿನೀರು ಬೇರೆ ಬೇರೆಯಾಗಿ. ಟಾಯ್ಲೆಟ್‌ಗೂ ಹಾಗೆಯೇ. ಎಲ್ಲರೂ ಮರೆಯುವುದು ಹೊರಗಿನ ಶವರನ್ನು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಆ ಶವರಿನ ಪುಟ್ಟ ವಾಲ್ವ್ ಸೀಳಲು ಅಷ್ಟು ಸಾಕು. ಸಿಂಕ್ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಆಂಟಿಫ್ರೀಜ್ ಸುರಿಯಬೇಕು.

ಡಬ್ಬಿಯ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿದೆಯೇ ಎಂದು ನೀವೇ ಓದಿ ನೋಡಿದಿರಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ. ಎಂಜಿನ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಪೈಪಿಗೆ ಅದು ಸೋಕಲೇಬಾರದು.