ಹೀಟರ್ ಹಾಕುವ ಮುನ್ನ ಮಫ್ಲರ್ ನೋಡಿಸಿ

ಅಮೆರಿಕದಲ್ಲಿ ಸ್ವಂತ ಸೆಸ್ನಾ, ಪೈಪರ್ ಇಟ್ಟುಕೊಂಡಿರುವ ಗೆಳೆಯರೇ, ಚಳಿ ಶುರುವಾಯ್ತು. ಇಂಥ ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್‌ಗೆ ಬಿಸಿಗಾಳಿ ಬರುವುದು ಎಂಜಿನ್ ಹೊಗೆ ಹಾದುಹೋಗುವ ಮಫ್ಲರ್ ಸುತ್ತಲಿನ ಕವಚದಿಂದ. ಮಫ್ಲರ್ ಬಿರುಕು ಬಿಟ್ಟಿದ್ದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮೆಕ್ಯಾನಿಕ್‌ಗೆ ಕವಚ ಬಿಚ್ಚಿಯೇ ನೋಡಲು ಹೇಳಿ, ಸುಮ್ನೆ ಹೊರಗಿಂದ ಟಾರ್ಚ್ ಬಿಟ್ಟರೆ ಸಾಲದು.

ಈ ಅನಿಲ ತಾಕಿದರೆ ಬಣ್ಣ ಬದಲಾಗುವ ಕಾರ್ಡ್ ಅಂಟಿಸಿದ್ದೀರಾ? ತಲೆ ಮಂಕಾದ ಮೇಲೆ ಅದನ್ನು ನೋಡುವವರು ಯಾರು? ಜೋರಾಗಿ ಕೂಗುವ ಡಿಟೆಕ್ಟರ್ ಕೊಳ್ಳಿ. ಹಾರುವಾಗ ತಲೆನೋವು ಬಂದರೆ ಹೀಟರ್ ಆಫ್ ಮಾಡಿ, ಹೊರಗಿನ ಗಾಳಿ ಬಿಟ್ಟುಕೊಳ್ಳಿ, ಬೇಗ ಇಳಿಯಿರಿ.

ಹಾಗೇ ಇಎಲ್‌ಟಿ, ಅಂದರೆ ವಿಮಾನ ಬಿದ್ದಾಗ ತುರ್ತು ಸಂಕೇತ ಕಳಿಸುವ ಸಾಧನದ ಬ್ಯಾಟರಿಯ ತಾರೀಖೂ ನೋಡಿ. ಹಳೆಯ 121.5 ಮೆಗಾಹರ್ಟ್ಸ್‌ನದನ್ನು ಉಪಗ್ರಹಗಳು 2009ರ ಫೆಬ್ರವರಿಯಿಂದ ಕೇಳುತ್ತಿಲ್ಲ. 406ರದ್ದು ಹಾಕಿಸಿ, ನೋಂದಣಿಯನ್ನೂ ಮಾಡಿಸಿ.