ಮನೆ ತಗೊಳ್ಳಲಾ ಅಂತ ಕೇಳಿದ ಗೆಳೆಯನಿಗೆ

ಪಂಡಿತಾ,

‘ನಿಮ್ಮ ಕಡೆಯೇ ಒಂದು ಮನೆ ನೋಡಿದ್ದೀನಿ, ತಗೊಳ್ಳಲಾ ಬೇಡ್ವಾ?’ ಅಂತ ಒಂದೇ ಸಾಲು ಬರೆದು ಸುಮ್ಮನಾಗಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಯಾರ ಮಾತೂ ಕೇಳುವವನಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗಿದೆ. ಅದಕ್ಕೇ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಸಾಕ್ಷಿ ಇರಲಿ.

ಮೊದಲು ದೂರದ ಮಾತು. ನಗರದ ಒಳಗೆ ಮನೆ ಕೈಗೆಟುಕದವರು ಬೆಲೆ ಇಳಿಯುವ ತನಕ ಹೊರಗೆ ಹೊರಗೆ ಹೋಗುತ್ತಾರೆ. ನಾನೂ ಹಾಗೇ ಬಂದು ಇಲ್ಲಿ ನಿಂತವನು. ಮನೆ ತೋರಿಸುವವರು ಭಾನುವಾರ ಮಧ್ಯಾಹ್ನವೇ ಕರೆಯುತ್ತಾರೆ, ಆಗ ರಸ್ತೆ ಖಾಲಿ. ನೀನು ಸೋಮವಾರ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಇಲ್ಲಿಂದ ಹೊರಟು ನೋಡು. ಹೊಸ ರಸ್ತೆ ಬರುತ್ತೆ, ರೈಲು ಬರುತ್ತೆ ಅಂತಾರೆ. ಬರಲಿ. ಚೆಸಾರೆ ಮಾರ್ಕೆಟ್ಟಿ ಅನ್ನುವ ಇಟಲಿಯ ವಿಜ್ಞಾನಿ 1994ರಲ್ಲೇ ಬರೆದಿದ್ದ: ಕಾಲ ಯಾವುದೇ ಇರಲಿ, ವಾಹನ ಯಾವುದೇ ಇರಲಿ, ಜನ ದಿನದ ಓಡಾಟಕ್ಕೆ ಕೊಡುವುದು ಹೆಚ್ಚೂಕಮ್ಮಿ ಒಂದು ಗಂಟೆ. ವೇಗ ಹೆಚ್ಚಾದರೆ ಸಮಯ ಉಳಿಯುವುದಿಲ್ಲ, ಊರು ಅಗಲವಾಗುತ್ತದೆ. ನನ್ನ ಓಡಾಟ ಆ ಒಂದು ಗಂಟೆಯಲ್ಲಿ ಮುಗಿದರೆ ನಾನು ಅವನ ಫೋಟೋಗೆ ಹಾರ ಹಾಕುತ್ತೇನೆ.

ಇನ್ನು ಸಾಲ. ಲೆಕ್ಕದಲ್ಲಿ ನೀನು ಎಷ್ಟು ಜಾಣ ಅಂತ ಗೊತ್ತು, ಆದರೂ ಹೇಳುತ್ತೇನೆ. ಶೇಕಡ 9ರ ಬಡ್ಡಿ, 25 ವರ್ಷದ ಸಾಲ ಅಂತ ಇಟ್ಟುಕೋ. ಮೊದಲ ತಿಂಗಳ ಕಂತಿನಲ್ಲಿ ಪ್ರತಿ 100 ರೂಪಾಯಿಗೆ ಸುಮಾರು 89 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 11. ಅರ್ಧ ಅಸಲು ತೀರುವ ಹೊತ್ತಿಗೆ 18 ವರ್ಷ ದಾಟಿರುತ್ತದೆ. ಕೊನೆಗೆ ಕಟ್ಟಿದ್ದೆಲ್ಲ ಕೂಡಿಸಿದರೆ ತೆಗೆದುಕೊಂಡದ್ದರ ಎರಡೂವರೆ ಪಟ್ಟು. ‘ಸ್ವಂತ ಮನೆ’ ಅಂತ ನಾನು ಎದೆ ಉಬ್ಬಿಸುವಾಗ ನೀನು ನಗಬಹುದು. ಬ್ಯಾಂಕಿನವರು ಈಗಾಗಲೇ ನಗುತ್ತಿದ್ದಾರೆ.

ಇಷ್ಟು ಹೇಳಿ ಮುಗಿಸಬೇಕು ಅಂತಿದ್ದೆ. ಆದರೆ ನಿನ್ನ ಪ್ರಶ್ನೆ ಬಂದ ರಾತ್ರಿ ಒಂದು ವಿಷಯ ಹೊಳೆಯಿತು, ಅದು ಬಿಡುತ್ತಿಲ್ಲ.

ನಾನು ಮಲಗುವ ಮುಂಚೆ ದಿನಾ ನಮ್ಮ ಬಡಾವಣೆಯ ಮನೆಗಳ ಬೆಲೆ ನೋಡುತ್ತೇನೆ. ಮಾರುವ ಯೋಚನೆ ಇಲ್ಲ, ಸುಮ್ನೆ ನೋಡುತ್ತೇನೆ. ಏರಿದ್ದರೆ ಚೆನ್ನಾಗಿ ನಿದ್ದೆ ಬರುತ್ತದೆ. ಅವತ್ತೂ ಏರಿತ್ತು. ಖುಷಿಪಟ್ಟೆ. ಆಮೇಲೆ ನಿನ್ನ ನೆನಪಾಯಿತು. ಆ ಏರಿದ ಬೆಲೆ ಕೊಡಬೇಕಾದವನು ನೀನೇ ಅಲ್ವಾ? ನೀನು ಪಕ್ಕಕ್ಕೆ ಬರಲಿ ಅಂತ ಬಾಯಲ್ಲಿ ಹೇಳುತ್ತೇನೆ. ಆದರೆ ನಿನ್ನಂಥವರಿಗೆ ಎಟುಕದಷ್ಟು ಮೇಲೆ ಹೋದರೆ ಲಾಭ ನನಗೇ.

ಇನ್ನೂ ಇದೆ. ನಮ್ಮ ಹಿಂದಿನ ಖಾಲಿ ಜಾಗದಲ್ಲಿ ಸಣ್ಣ ಸಣ್ಣ ಫ್ಲಾಟ್ ಕಟ್ಟುತ್ತಾರಂತೆ. ಬೇಡ ಅಂತ ಬರೆದ ಕಾಗದಕ್ಕೆ ಅಕ್ಕಪಕ್ಕದವರು ಸಹಿ ಕೇಳುತ್ತಿದ್ದಾರೆ. ನೀರು ಸಾಲದು, ಟ್ರಾಫಿಕ್ ಜಾಸ್ತಿಯಾಗುತ್ತೆ ಅಂತ ಕಾರಣ ಕೊಟ್ಟಿದ್ದಾರೆ. ಸುಳ್ಳಲ್ಲ. ಆದರೆ ಬಸ್ಸಿಗೆ ನುಗ್ಗಿ ಹತ್ತಿದವನೇ ‘ಜಾಗ ಇಲ್ಲ, ರೈಟ್ ರೈಟ್’ ಅಂತ ಕೂಗುತ್ತಾನಲ್ಲ, ಅದೇ ಕಥೆ. 1947ರಲ್ಲಿ ನ್ಯೂಯಾರ್ಕಿನ ಹೊರಗೆ ಆಲೂಗಡ್ಡೆ ಹೊಲಗಳಲ್ಲಿ ಲೆವಿಟೌನ್ ಅನ್ನುವ ದೊಡ್ಡ ಬಡಾವಣೆ ಕಟ್ಟಲು ಶುರು ಮಾಡಿದರು. ಮುಂದೆ ಬಂದ ಎಷ್ಟೋ ಉಪನಗರಗಳಿಗೆ ಅದೇ ಮಾದರಿ. ಅಲ್ಲಿ ಬಿಳಿಯರಲ್ಲದವರು ವಾಸ ಮಾಡುವಂತಿಲ್ಲ ಅಂತ ಕರಾರಿನಲ್ಲೇ ಬರೆದಿತ್ತು. ನಮ್ಮ ಕಾಗದದಲ್ಲಿ ಯಾರ ಹೆಸರೂ ಇಲ್ಲ, ಬಹಳ ಮರ್ಯಾದೆಯ ಭಾಷೆ. ಆದರೆ ಸಣ್ಣ ಫ್ಲಾಟಿಗೆ ಬರುವವರು ಯಾರು ಅಂತ ಎಲ್ಲರಿಗೂ ಗೊತ್ತು. ಹತ್ತು ವರ್ಷದ ಹಿಂದೆ ನಾವಿಬ್ಬರೂ ಅಂಥದ್ದನ್ನೇ ಹುಡುಕುತ್ತಿದ್ದೆವು.

ವಿಲಿಯಂ ಫಿಶೆಲ್ ಅನ್ನುವ ಅರ್ಥಶಾಸ್ತ್ರಜ್ಞ ಇದಕ್ಕೆ ಕಾರಣ ಕೊಡುತ್ತಾನೆ. ಮನೆ ಸುಟ್ಟರೆ ವಿಮೆ ಇದೆ, ಬೆಲೆ ಬಿದ್ದರೆ ಇಲ್ಲ. ಇರುವುದನ್ನೆಲ್ಲ ಒಂದೇ ಕಡೆ ಹಾಕಿದವನು ಹೆದರುತ್ತಾನೆ, ಸುತ್ತ ಏನು ಬಂದರೂ ತಡೆಯಲು ಓಡುತ್ತಾನೆ. ಓದಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಾಗದ ಮೇಜಿನ ಮೇಲೇ ಇದೆ. ಸಹಿ ಹಾಕಿಲ್ಲ, ವಾಪಸ್ಸೂ ಕೊಟ್ಟಿಲ್ಲ.

ನೋಡು, ಮನೆ ವಿಷಯ ಕೇಳಿದರೆ ಎಲ್ಲೆಲ್ಲಿಗೋ ಹೋಗಿಬಿಟ್ಟೆ. ಇದನ್ನು ಓದುತ್ತಿರುವ ನಮ್ಮ ಬಡಾವಣೆಯವರು ದಯವಿಟ್ಟು ಮೇಲಿನ ಎರಡು ಪ್ಯಾರಾ ಮರೆತುಬಿಡಿ.

ಮನೆ ನೋಡಲು ಬರುವುದಾದರೆ ಜೋರು ಮಳೆಯ ಮರುದಿನ ಬಾ. ಗೋಡೆಯ ಮೂಲೆ ನೋಡು, ಬಣ್ಣ ನೋಡಬೇಡ. ಬೇಸಿಗೆಯಲ್ಲಿ ನೀರು ಹೇಗೆ ಅಂತ ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು ಕೇಳು. ಬೆಲೆ ಮಾತಾಡಲು ಮಾತ್ರ ನನ್ನನ್ನು ಕರೆದುಕೊಂಡು ಹೋಗಬೇಡ. ನಾನು ಯಾರ ಕಡೆ ಮಾತಾಡುತ್ತೇನೋ ನನಗೇ ಭರವಸೆ ಇಲ್ಲ.

ಇತಿ ನಿನ್ನ,
ಖಜಾಂಚಿ